ತೇಪೆ

ಇಪ್ಪತ್ತಾರು ವರ್ಷದ ಮೇಲೆ ‘ಒಂಬತ್ತನೇ ಚಂದ್ರ’
ಮತ್ತೆ ಮೂಡಿದ್ದಾನೆ, ಭಾನುವಾರ ರಾತ್ರಿ ಒಂಬತ್ತಕ್ಕೆ.
ಸೋಮವಾರ ಬೆಳಿಗ್ಗೆ ಮತ್ತಿಕೆರೆಯ ನನ್ನ ಅಂಗಡಿಯಲ್ಲಿ
ಅಳತೆಗೆ ಕೈ ಚಾಚಿ ನಿಂತವರೆಲ್ಲ ವಿಮರ್ಶಕರು.
ಟೇಪು ಎದೆ ಸುತ್ತಿದಾಗ ಉಸಿರು ಹಿಡಿಯುತ್ತಾರೆ,
ಬಿಟ್ಟ ಕೂಡಲೇ ಅಭಿಪ್ರಾಯ.

ವರದಯ್ಯ, ಬಿಇಎಲ್‌ನಲ್ಲಿ ರಡಾರು ಜೋಡಿಸಿ ನಿವೃತ್ತರಾದವರು:
“ಗಾಳಿಯೇ ಇಲ್ಲದ ಕಡೆ ಢಂ ಅನ್ನೋದು ಯಾವುದಮ್ಮ?
ಆಗಲೇ ಬರೆದು ಹಾಕಿದ್ದೆ, ಕಾಲು ರೂಪಾಯಿ ಕಾರ್ಡು.
ಈಗಲೂ ಢಂ.”
ಸೊಂಟದಲ್ಲಿ ಎರಡಿಂಚು ಬಿಡಿಸಿಕೊಂಡು ಹೊರಟರು.
ಭಾನುವಾರದ ಊಟ ಇನ್ನು ಮೇಲೆ ಎಂಟಕ್ಕೇ ಅಂತೆ ಅವರ ಮನೆಯಲ್ಲಿ.

ಕಂಡಕ್ಟರ್ ಚೌಡಪ್ಪ, ಖಾಕಿಗೆ ಗುಂಡಿ ಹಾಕಿಸಲು ಬಂದವನು:
“ಕ್ಯಾಪ್ಟನ್ನಿಗೆ ಹೊಟ್ಟೆ ಬಂದುಬಿಟ್ಟಿದೆ ಕಣಕ್ಕ.
ಆ ನಕ್ಷತ್ರಕ್ಕೆ ಅರ್ಧ ಗಂಟೇಲಿ ಹೋಗ್ತಾನಂತೆ,
ಗೊರಗುಂಟೆಪಾಳ್ಯದ ಸಿಗ್ನಲ್ ದಾಟಿಸಲಿ ನೋಡೋಣ.”
ಆಮೇಲೆ ಬಾಗಿಲ ಹತ್ತಿರ ನಿಂತು, ಮೆಲ್ಲಗೆ,
“ಧ್ವನಿ ಮಾತ್ರ ಅದೇ.”

ಇಂಚರ, ಎರಡನೇ ಪಿಯುಸಿ, ಒಂದೇ ಕಿವಿಗೆ ಇಯರ್‌ಫೋನು:
“ಹಳೇದು ಬರೀ ಕಾಮಿಡಿ ಆಂಟಿ. ಹಡಗಿನ ಕಿಟಕಿ
ಇಡ್ಲಿ ತಟ್ಟೆ ಅಂತ ಎಲ್ರಿಗೂ ಗೊತ್ತು.”
ಇಡ್ಲಿ ತಟ್ಟೆಯಲ್ಲ. ಕುಕ್ಕರಿನ ಮುಚ್ಚಳ.
ಪಾತ್ರೆ ಅಂಗಡಿಯಲ್ಲಿ ಚೌಕಾಸಿ ಮಾಡಿ ತಂದವಳು ನಾನೇ.
ಬಾಯಲ್ಲಿ ಗುಂಡುಪಿನ್ನು ಇತ್ತು, ಸುಮ್ಮನಿದ್ದೆ.

ಮುಬೀನಾ ಅಳತೆಗೆ ಬರಲಿಲ್ಲ. ಬಂದು ಸ್ಟೂಲಿನ ಮೇಲೆ ಕೂತಳು.
ಪಕ್ಕದ ಮನೆಯವರ ಹೊಸ್ತಿಲಾಚೆಯಿಂದ ನೋಡುತ್ತಿದ್ದಳಂತೆ, ಎಂಟು ವರ್ಷದವಳು.
ಹಡಗು ಕಪ್ಪುಕುಳಿಯ ಅಂಚಿಗೆ ಬಂದಾಗ ಕರೆಂಟು ಹೋಯಿತು.
ಮುಂದಿನ ವಾರ ಆ ಹೊತ್ತಿಗೆ ಅಡುಗೆ ಕಾರ್ಯಕ್ರಮ.
“ಎಲ್ಲರೂ ಕೊನೆ ನೋಡಿದ್ದಾರೆ, ನಾನೊಬ್ಬಳೇ ಇಲ್ಲ
ಅಂದ್ಕೊಂಡಿದ್ದೆ. ಯಾರನ್ನಾದರೂ ಕೇಳೋಕೆ ನಾಚಿಕೆ.”
ಕೊನೆ ಅಂತ ಇರಲೇ ಇಲ್ಲ ಮುಬೀನಾ, ಅವರ ದುಡ್ಡು ಮುಗಿದಿತ್ತು.
ಅವಳು ನಗಲಿಲ್ಲ. ಸುಮಾರು ಹೊತ್ತಾದ ಮೇಲೆ,
“ಹಾಗಾದ್ರೆ ನಾನು ಮಾಡ್ಕೊಂಡಿದ್ದ ಕೊನೇನೇ ಸರಿ,” ಅಂದಳು.
ಯಾವುದು ಅಂತ ಹೇಳಲಿಲ್ಲ.

ಸಂಜೆ ಇಬ್ಬರು ಹುಡುಗರು. ಆ ಬೆಳ್ಳಿ ಅಂಗಿಯೇ ಬೇಕು,
ಎಡ ಕಂಕುಳ ಹಳದಿ ತ್ರಿಕೋನದ ಸಮೇತ.
ಅದು ಮುಳುಗಿಹೋದ ಗ್ರಹದ ನಕ್ಷೆ ಅಂತ ಒಬ್ಬ.
ಅಲ್ಲ, ಸತ್ತ ಹೆಂಡತಿಯ ನೆನಪು ಅಂತ ಇನ್ನೊಬ್ಬ,
ಬೇಕಾದ್ರೆ ಮೂರನೇ ಕಂತು ನೋಡು,
ಆ ಕೈ ಎತ್ತಿದಾಗಲೆಲ್ಲ ಅವನ ಮುಖ ಕಿವುಚುತ್ತೆ.

ಕಿವುಚುತ್ತಿದ್ದದ್ದು ನನ್ನ ಹೊಲಿಗೆ ಚುಚ್ಚಿ.
ಪೀಣ್ಯದ ಶೆಡ್ಡು, ಮೇ ತಿಂಗಳು, ತಗಡಿನ ಕೆಳಗೆ ರೆಕ್ಸಿನ್ ಅಂಗಿ.
ಕೈ ಎತ್ತಿ “ಮುಂದಕ್ಕೆ!” ಅಂದದ್ದೇ ಪರ್ರ್ ಅಂತ ಹರಿಯಿತು.
ಚಿಕ್ಕಪೇಟೆಗೆ ಹೋಗಿಬರಲು ಪುರುಸೊತ್ತೆಲ್ಲಿ?
ಚೀಲದಲ್ಲಿದ್ದದ್ದು ಯಾರದೋ ನಿಶ್ಚಿತಾರ್ಥದ ರವಿಕೆಯ ಚೂರು, ಹಳದಿ.
ಮೈಮೇಲೆಯೇ ಹೊಲಿದು, ಹಲ್ಲಲ್ಲಿ ದಾರ ಕಡಿದೆ.
ಕೂಲಿ ಎಂಬತ್ತು ರೂಪಾಯಿ.
ಅದರಲ್ಲಿ ನಲವತ್ತು ಇನ್ನೂ ಬರಬೇಕು.

ನಿನ್ನೆ ನಾನೂ ನೋಡಿದೆ.
ಹೊಸ ಅಂಗಿ ನೀರಿನಂತೆ ಮೈಮೇಲೆ ಇಳಿದಿದೆ,
ಕಂಪ್ಯೂಟರ್ ಕಸೂತಿಯ ತ್ರಿಕೋನ, ಒಂದು ನೂಲೂ ಆಚೀಚೆ ಇಲ್ಲ.
ಹರಿಯದ ಬಟ್ಟೆಗೆ ತೇಪೆ.
ಮುದುಕ ಕೈ ಎತ್ತಿದ. ಎಲ್ಲೂ ಬಿಗಿಯಲಿಲ್ಲ.
ಆದರೂ ಮುಖ ಕಿವುಚಿದ,
ಅಭ್ಯಾಸಕ್ಕೋ, ನೋಡುವವರಿಗೆ ಬೇಕು ಅಂತಲೋ.

“ನಿಮಗೆ ಏನನ್ಸುತ್ತೆ ಆಂಟಿ, ನಕ್ಷೆನೋ ಹೆಂಡತಿನೋ?”
ಕೈ ಎತ್ತಪ್ಪ, ಅಂದೆ.
ಟೇಪು ಹಿಡಿದೆ, ಅಳತೆ ಹತ್ತೊಂಬತ್ತು ಬಂತು.
ಪುಸ್ತಕದಲ್ಲಿ ಹದಿನೆಂಟು ಬರೆದುಕೊಂಡೆ.