ಮೊದಲು ಎಷ್ಟಿತ್ತು

ರೋಲರಿನ ಮೇಲೆ ಓಡಿತು ಎಂಜಿಬಿ,
ಇದ್ದಲ್ಲೇ, ತೊಂಬತ್ತು ಮೈಲಿ ವೇಗದಲ್ಲಿ.
ಷೆಡ್ಡಿನ ತಗಡೆಲ್ಲ ಗಡಗಡ.
ಹೊಸ ಕ್ಯಾಮ್, ಉಜ್ಜಿ ನುಣುಪಾಗಿಸಿದ ಹೆಡ್ಡು, ಅಗಲಬಾಯಿಯ ಕಾರ್ಬುರೇಟರು...
ಜಾಗೊ ಚೀಟಿ ಹರಿದುಕೊಟ್ಟ:
ಚಕ್ರದ ಬಳಿ ಎಂಬತ್ತೊಂಬತ್ತು ಕುದುರೆ.
"ಮೊದಲು ಎಷ್ಟಿತ್ತು?"

ಡೆಂಜಿಲ್ ನನ್ನ ಮುಖ ನೋಡಿದ.
ಮೊದಲು ಅಳೆದವರಾರು?
ಕಂಪನಿಯ ಪುಸ್ತಿಕೆಯ ಕುದುರೆಗಳು
ಆಟಕ್ಕುಂಟು, ಲೆಕ್ಕಕ್ಕಿಲ್ಲ;
ಗೇರುಪೆಟ್ಟಿಗೆ, ಆಕ್ಸಲ್ಲು ಮೇದು ಉಳಿಸಿದ್ದೆಷ್ಟೋ.

ನನ್ನ ಹತ್ತಿರ ಒಂದು ಡೈರಿ ಇತ್ತು.
ಎಪ್ಪತ್ತೊಂಬತ್ತು, ಜೂನ್. ಚಾಪೆಲ್ ದಿಬ್ಬ, ಮೂರನೇ ಗೇರು,
ಕೆಳಗಿನ ಗೇಟಿನಿಂದ ಮೇಲಿನ ಗೇಟಿಗೆ
ನಲವತ್ತೊಂದು ಸೆಕೆಂಡು.

ಇವತ್ತು ಮೂವತ್ತಾರು!
ಡೆಂಜಿಲ್ ಹಾರ್ನ್ ಬಾರಿಸಿದ, ಕುರಿಗಳು ಚದುರಿದವು.
ಡೈರಿಯ ಅಂಚಿನಲ್ಲಿ ಮತ್ತೂ ಇತ್ತು, ಪೆನ್ಸಿಲಿನಲ್ಲಿ:
"ಟಿಂಕರ್ ಹಿಂದೆ, ದಾರಿಯುದ್ದಕ್ಕೂ ಬೊಗಳಿದ."

ಎಂಜಿನ್ ಆರಿಸಿದ.
ಸ್ವಲ್ಪ ಹೊತ್ತು ಕಾರ್ನ್‌ವಾಲಿನ ಕಡಲಗಾಳಿ ಮಾತ್ರ.
ಆಮೇಲೆ ಪಕ್ಕದ ತೋಟದಿಂದ
ಒಂದು ಮೂಟೆ ಆಲೂಗಡ್ಡೆ ತಂದ,
ತೂಗಿ, ನಾಲ್ಕು ತೆಗೆದು, ಎರಡು ಮತ್ತೆ ಹಾಕಿ
ಸೀಟಿನ ಹಿಂದಿನ ಸಂದಿಯಲ್ಲಿ ಇಟ್ಟ,
ಎಡಕ್ಕೆ, ಅವನು ಕೂರುತ್ತಿದ್ದ ಕಡೆಗೆ.

"ಗಡಿಯಾರ ಹಿಡಿ," ಅಂದ.