ರೀಲು

ಶಿಡ್ಲಘಟ್ಟದಲ್ಲಿ ರೀಲು ಅಂದರೆ ರೇಷ್ಮೆ.
ಗಂಗುಲಪ್ಪ ರೀಲು ಮೆಷಿನ್ನು ತರಿಸಿದ್ದಾನಂತೆ ಅಂದಾಗ
ಬೀದಿಯವರು ಕೇಳಿದ್ದು, ಎಷ್ಟು ಬೇಸಿನ್ನಿಂದು?
ಬಂದದ್ದು ಮದರಾಸಿನಿಂದ, ಹುಲ್ಲು ತುಂಬಿದ ಪೆಟ್ಟಿಗೆಯೊಳಗೆ,
ದುಂಡು ಕಣ್ಣೆರಡರ ಹಳೆಯ ಟೇಪು ಯಂತ್ರ.

ಅದಕ್ಕೆ ಮುಂಚೆ ಅವನು ಗಿಟಾರಿನವನು.
ಕೆಜಿಎಫ್ ಗಣಿ ಬ್ಯಾಂಡಿನ ಡೆಸ್ಮಂಡ್ ದೊರೆ
ಆಸ್ಟ್ರೇಲಿಯಾಕ್ಕೆ ಹೊರಟ ವಾರ, ಸಾಮಾನು ಹರಾಜಿನಲ್ಲಿ
ಹೊಲಿಗೆ ಮೆಷಿನ್ನಿಗೆಂದು ಅಮ್ಮ ಕೊಟ್ಟ ದುಡ್ಡಿಗೆ
ಕೊಂಡು, ಗೋಣಿಯಲ್ಲಿ ಸುತ್ತಿ, ರಾತ್ರಿ ಬಸ್ಸಲ್ಲಿ ತಂದದ್ದು.

ತತ್ವಪದದವರು ನಕ್ಕರು:
“ಏಕತಾರಿಗೆ ಒಂದೇ ತಂತಿ ಸಾಕು.
ನಿಂಗೆ ಇನ್ನೈದು ಯಾಕಪ್ಪ, ಸಾಲ ಕೊಡಕ್ಕಾ?”
ಐದನ್ನೂ ಬಿಚ್ಚಿಟ್ಟು ಒಂದರ ಮೇಲೆ ನುಡಿಸಿದ
ಒಂದು ವರ್ಷ.
ಆಮೇಲೆ ಒಂದೊಂದಾಗಿ, ಅವರನ್ನೇ ಕೇಳಿ ಕೇಳಿ ಕಟ್ಟಿದ.
ಮುರುಗಮಲೆ ಕಡೆಯ ಭಜನೆ ಮನೆಗಳಲ್ಲಿ
ಕಂಬಕ್ಕೊರಗಿ ಕೂತವನ ಬೆರಳ ತುದಿ
ಹುಣಸೆ ಬೀಜ.

ಪೇಟೆಯ ಕ್ಯಾಸೆಟ್ ಕಂಪನಿ ಬಂತು. ಚೌಡಪ್ಪನ ಕೆಮ್ಮು ಕತ್ತರಿಸಿ,
ಉಸಿರು ಕತ್ತರಿಸಿ, ಕೆಳಗೆ ಕೀಬೋರ್ಡು ಹಾಸಿ ಕಳಿಸಿತು.
ಚೌಡಪ್ಪ ತಲೆದೂಗಿ ಕೇಳಿದ, “ಯಾರೋ ಇವ್ನು?
ಚೆನ್ನಾಗೇ ಹಾಡವ್ನೆ.”
ಆ ರಾತ್ರಿ ಗಂಗುಲಪ್ಪ ಗಿಟಾರನ್ನು ಮೊಳೆಗೆ ತೂಗುಹಾಕಿದ.

ಸ್ಟುಡಿಯೋ ಅಂದರೆ ಬಾಬಾಜಾನರ ಹುಳುಮನೆ.
ಗೋಡೆ ತುಂಬ ಗೂಡು ಬಿಡಿಸಿದ ಖಾಲಿ ಚಂದ್ರಿಕೆ.
ಅದರ ಬಿದಿರ ಸುತ್ತಿನೊಳಗೆ ನುಗ್ಗಿದ ಪ್ರತಿಧ್ವನಿ
ದಾರಿ ತಪ್ಪಿ ಅಲ್ಲೇ ಮಲಗುತ್ತಿತ್ತು.
ಹಗಲು ಬೀದಿಯೆಲ್ಲ ರಾಟೆ. ಕೆಲಸ ಹತ್ತರ ಮೇಲೆ,
ಬಾಯ್ಲರು ಆರಿದ ಮೇಲೆ.
ನನಗಾಗ ಹನ್ನೆರಡು. ಬಾಗಿಲಲ್ಲಿ ಕೂತು
ನಾಯಿ ಬೊಗಳದಂತೆ ಬನ್ನು ಹಾಕುವುದು ನನ್ನ ನೌಕರಿ.
ಒಳಗೆ ಕರೆದು ಒಮ್ಮೆ ಹೆಡ್‌ಫೋನು ಇಟ್ಟ:
ಯಾರೂ ಹಾಡದಾಗಲೂ ಟೇಪಿನಲ್ಲಿ
ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪು ಮೇಯುತ್ತಿತ್ತು.

ದಿಬ್ಬೂರಹಳ್ಳಿಯ ಆವುಲಮ್ಮನಿಗೆ ಕೈ ಸುಮ್ಮನಿದ್ದರೆ
ಬಾಯಿ ಬರದು. ಬೀಸುಕಲ್ಲು ತರಿಸಿದ.
ಮೈಕಿನ ಮುಂದೆ ಒಂದು ಸುತ್ತು ತಿರುಗಿಸಿ ಕೈಬಿಟ್ಟಳು:
“ಕಾಳಿಲ್ದಿರೋ ಕಲ್ಲಿಗೆ ಏನಂತ ಹಾಡ್ಲಿ?”
ರಾಗಿ ಬಂತು. ಕಲ್ಲು ಜೋರಾಯಿತು, ಗಂಟಲು ಮುಳುಗಿತು.
ಕಲ್ಲಿನಡಿ ಗೋಣಿ. ಗೋಣಿಯಡಿ ತೌಡು.
ಮೈಕು ಅವಳ ಗಲ್ಲದಿಂದ ಗೇಣು, ಆಮೇಲೆ ನಾಲ್ಕು ಬೆರಳು.
ಬೆಳಗಿನ ಜಾವಕ್ಕೆ ಏಳನೇ ಟೇಕು, ಮೂರು ಸೇರು ಹಿಟ್ಟು.
ಆ ಹಿಟ್ಟಿನ ಮುದ್ದೆಯನ್ನು ನಾವೆಲ್ಲ ತಿಂದೆವು,
ಬಾಬಾಜಾನರ ಮನೆಯಿಂದ ಬಂದ ಸಾರಿನಲ್ಲಿ.
ಸ್ವಲ್ಪ ಕಲ್ಲು ಸಿಗುತ್ತಿತ್ತು.

ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಅಚ್ಚಾದದ್ದು
ಧ್ವನಿಮುದ್ರಣ: ಗುಂಗಲಪ್ಪ.
ಸಾವಿರ ಪ್ರತಿ. ಕೋಲಾರಕ್ಕೆ, ಆಚೆ ಮದನಪಲ್ಲಿಯವರೆಗೂ ಹೋಯಿತು.
“ಬಿಡು,” ಅಂದ, “ಕೇಳೋರು ಓದಲ್ಲ.”
ಬೆರಳ ಜಡ್ಡು ಆ ವರ್ಷ ಪೂರ್ತಿ ಉದುರಿತ್ತು.
ಟೀ ಲೋಟ ಹಿಡಿದಾಗ ಬಿಸಿ ತಾಗಿ ಬೆಚ್ಚಿದ್ದು ನೋಡಿದ್ದೇನೆ.

ಈಗ ಹುಳುಮನೆಯಲ್ಲಿ ಮತ್ತೆ ಹುಳು.
ಗಂಗುಲಪ್ಪನಿಗೆ ಎಡಗಿವಿ ಇಲ್ಲ. ಬಲಗಡೆ ತಿರುಗಿ ಕೂತು
ಫೋನಿನಲ್ಲಿ ಬರುವ ಆವುಲಮ್ಮನನ್ನು ಕೇಳಿ
“ತೌಡು ಇನ್ನೊಂದು ಹಿಡಿ ಬೇಕಿತ್ತು” ಅನ್ನುತ್ತಾನೆ.

ಒಂದು ಮಾತು ಅವನಿಗೆ ಹೇಳಿಲ್ಲ.
ಆರನೇ ಟೇಕಿನ ನಡುವೆ ಅವಳು ನೀರು ಕುಡಿದು
“ಎಲ್ಲಿದ್ದೆ ನಾನು?” ಅಂದಳು.
ಯಾರೂ ಹೇಳಲಿಲ್ಲ. ಯಂತ್ರ ತಿರುಗುತ್ತಲೇ ಇತ್ತು.
ಮೊಳೆಯಿಂದ ಗಿಟಾರು ಇಳಿದ ಸದ್ದು.
ಶ್ರುತಿ ತಪ್ಪಿದ ಒಂದೇ ತಂತಿಯ ಮೇಲೆ
ಅವಳು ಬಿಟ್ಟ ಸಾಲನ್ನು ನಿಧಾನ ನುಡಿಸಿ
ಅವಳ ಮುಂದಿಟ್ಟ. “ಹೂಂ, ಅಲ್ಲೇ,” ಅಂದಳು, ಕಲ್ಲು ತಿರುಗಿತು.

ಡಬ್ಬಿಯ ಮೇಲೆ ಪೆನ್ಸಿಲಲ್ಲಿ ಬರೆದು ಕೊಟ್ಟಿದ್ದ:
ಆರು. ಅಳಿಸು.
ಟೇಪಿಗೆ ಆಗ ಚಿನ್ನದ ಬೆಲೆ.
ಅಳಿಸಿದೆ ಅಂದೆ.
ಅವನ ಮುಂದೆ ನಾನು ಬಿಟ್ಟದ್ದು
ಆ ಒಂದೇ ರೀಲು.