ಅಲ್ಪಪ್ರಾಣ

ಮೂರು ದಿನಕ್ಕೊಮ್ಮೆ ಬೇರೂನ್ ಕಿಲ್ಲಾದ ನಮ್ಮ ಓಣಿಯಲ್ಲಿ
"ನಳ ಬಂತು" ಎಂದು ಯಾರೋ ಕೂಗುತ್ತಾರೆ.
ಬಂದದ್ದು ನೀರು; ನಳ ಎಲ್ಲಿಗೂ ಹೋಗಿರಲಿಲ್ಲ.
ಮೂವತ್ತೊಂದು ವರ್ಷ ವ್ಯಾಕರಣ ಕಲಿಸಿದವಳು
ಈ ಒಂದು ತಪ್ಪನ್ನು ತಿದ್ದಲಿಲ್ಲ,
ನಾನೂ ಹಾಗೇ ಕೂಗಿದ್ದೇನೆ, ಸೆರಗು ಸಿಕ್ಕಿಸಿ.

ನಿವೃತ್ತಿಯ ದುಡ್ಡಿನಲ್ಲಿ ಒಂದೇ ಒಂದು ಚೈನಿ:
ಮಾಳಿಗೆಯ ಮೇಲೆ ಕರಿ ಟ್ಯಾಂಕು, ಬಚ್ಚಲಿನಲ್ಲಿ ಶವರು.
ಮೇ ತಿಂಗಳ ನಸುಕು. ಅದರ ಕೆಳಗೆ ನಿಂತು
ಬಾಯಿ ತೆರೆದು ಉಸಿರೆಳೆದೆ.
ನಮ್ಮ ಮನೆತನದಲ್ಲಿ ಚೊಂಬು ಎತ್ತದೆ ಮಿಂದ
ಮೊದಲ ಹೆಂಗಸು.

ಕೆಮ್ಮು ನುಂಗುವುದು ರೂಢಿ.
ಪಾಠದ ನಡುವೆ ಟೀಚರು ಕೆಮ್ಮಬಾರದು.
ಕಫದ ಡಬ್ಬಿ ಮೂರು ಸಲ ಹೋಗಿ
ಮೂರು ಸಲವೂ ಟೀಬಿ ಅಲ್ಲವೆಂದು ಬಂತು;
ಓಣಿ ಮಾತ್ರ ಒಂದೇ ಸಲಕ್ಕೆ ಹೌದೆಂದಿತು.
ಸೂಗಮ್ಮ ಟೀಚರಿಗೆ ಎಲ್ಲರ ಮನೆಯಲ್ಲೂ ಕಾಗದದ ಲೋಟ.
ಖೈರುನ್ನೀಸಾ ಒಬ್ಬಳು
ಕಿವಿ ಮುರಿದ ಅದೇ ಕಪ್ಪಿನಲ್ಲಿ ಚಹಾ ಕೊಟ್ಟಳು.

ಕಡೆಗೊಬ್ಬ ಡಾಕ್ಟರು, ಇನ್ನೂ ಹುಡುಗಿ,
ಮನೆಯಲ್ಲಿ ಯಾರಿಗೆ ಕೆಮ್ಮೆಂದು ಕೇಳಲಿಲ್ಲ.
"ಜಳಕ ಹೆಂಗ ಮಾಡ್ತೀರಿ ಟೀಚರ್?"
ಇದು ಟೀಬಿಯ ದಾಯಾದಿ. ಪೈಪಿನ ಲೋಳೆಯಲ್ಲಿ ಸಂಸಾರ ಹೂಡಿ
ತುಂತುರು ಹತ್ತಿ ಬರುತ್ತದಂತೆ.
ನಿಮ್ಮಿಂದ ಯಾರಿಗೂ ಹತ್ತುವುದಿಲ್ಲ, ಎಲ್ಲರಿಗೂ ಬರುವುದೂ ಇಲ್ಲ,
"ನಿಮ್ಮ ಎದಿಗೂಡು ಮೊದ್ಲೇ ಸೋತಿತ್ತು."
ಅವಳು ಹಾಳೆಯ ಮೇಲೆ ಪುಪ್ಪುಸ ಬರೆಯುತ್ತಿದ್ದಳು,
ನಾನು ಅಕ್ಷರ ನೋಡುತ್ತಿದ್ದೆ:
ನಳಕ್ಕೊಂದು ಇಳಿ ಕೊಟ್ಟರೆ ನಾಳ.
ಇಳಿದಿದೆ.

ಮೂರು ಬಗೆಯ ಗುಳಿಗೆ, ಹದಿನೆಂಟು ತಿಂಗಳು.
ಒಂದು ಗುಳಿಗೆಗೆ ಉಚ್ಚೆ ಕೇಸರಿ.
ಮಾರೆಪ್ಪ ಬಂದು ಶವರಿನ ತಲೆ ಬಿಚ್ಚಿದ,
ಬೆರಳಿಟ್ಟು ತೋರಿಸಿದ. ಒಳಗೆ
ಕೂಸಿನ ನಾಲಿಗೆಯಷ್ಟು ಮೆತ್ತಗೆ, ಗುಲಾಬಿ.
"ಗುಜರಿಗೆ ಹಾಕ್ಲೇನ್ರಿ?"
ಏನೂ ಹೇಳಲಿಲ್ಲ. ಅದರ ಬಿಲ್ಲು ಇನ್ನೂ
ಪಂಚಾಂಗದ ಹಾಳೆಗಳ ನಡುವೆ ಇದೆ.

ಈಗ ಬೆಳಿಗ್ಗೆ ಬಾಗಿಲಲ್ಲಿ ಕೂತು
ಮಹಾಪ್ರಾಣ ಹೇಳಿಕೊಳ್ಳುತ್ತೇನೆ.
ಭೂಮಿಯನ್ನು ಬೂಮಿ ಎಂದ ಹುಡುಗರಿಗೆಲ್ಲ
ಹೊಟ್ಟೆಯಿಂದ ತನ್ನಿರೋ ಉಸಿರು, ಎಂದು
ಮೇಜು ಕುಟ್ಟಿದವಳು.
ಖ. ಘ. ಛ. ಝ.
ಠ ದಾಟಿದರೆ ಒಳ್ಳೆಯ ದಿನ.
ನಿನ್ನೆ ಢ ತನಕ ಹೋಗಿದ್ದೆ,
ಇವತ್ತು ಥ. ಧ ಎನ್ನುವಷ್ಟರಲ್ಲಿ
ಓಣಿಯ ತುದಿಯಲ್ಲಿ ಕೂಗು, "ನಳ ಬಂತು!"
ಕೊಡ ಎತ್ತಿಕೊಂಡೆ.
ಗುಳಿಗೆ ನುಂಗಲಿಕ್ಕಾದರೂ
ನೀರು ಬೇಕಲ್ಲ.